ಇಷ್ಟವಾದ ಸುದ್ದಿಯನ್ನೇ ಮೊದಲು ಪರೀಕ್ಷಿಸಿ: ಸುದ್ದಿಯ ಪಕ್ಷಪಾತವನ್ನೂ ನಮ್ಮದನ್ನೂ ಗುರುತಿಸುವ ಸಮಗ್ರ ಮಾರ್ಗದರ್ಶಿ

ಕೆಲವು ವರ್ಷಗಳ ಹಿಂದೆ ಮನೆಯವರ ವಾಟ್ಸಾಪ್ ಗುಂಪಿಗೆ ನಾನೊಂದು ಫೋಟೊ ಕಳಿಸಿದ್ದೆ. ಪ್ರತಿಭಟನೆಯಲ್ಲಿ ತಲೆಗೆ ಪೆಟ್ಟು ಬಿದ್ದು ರಸ್ತೆಯಲ್ಲಿ ಕೂತಿದ್ದ ಒಬ್ಬ ವಯಸ್ಸಾದವರ ಫೋಟೊ. ಕೆಳಗೆ ಸರ್ಕಾರವನ್ನು ಬೈದು ನಾಲ್ಕು ಸಾಲನ್ನೂ ಬರೆದಿದ್ದೆ. ಹತ್ತು ನಿಮಿಷದಲ್ಲಿ ಅಕ್ಕನ ಮಗಳ ಉತ್ತರ ಬಂತು: "ಮಾಮ, ಇದು ತುಂಬಾ ಹಳೇ ಫೋಟೊ. ನಮ್ಮ ದೇಶದ್ದೂ ಅಲ್ಲ." ಅವಳು ಹೇಳಿದ್ದು ನಿಜವಾಗಿತ್ತು. ಹುಡುಕಿದ್ದರೆ ಒಂದೇ ನಿಮಿಷದಲ್ಲಿ ನನಗೂ ಗೊತ್ತಾಗುತ್ತಿತ್ತು.

ನಾನು ಯಾಕೆ ಹುಡುಕಲಿಲ್ಲ? ಈ ಪ್ರಶ್ನೆ ತುಂಬ ದಿನ ಕಾಡಿತು. ಹುಡುಕುವುದು ಹೇಗೆಂದು ನನಗೆ ಗೊತ್ತಿತ್ತು. ನನಗೆ ಆಗದ ಪಕ್ಷದವರು ಅಂಥದ್ದೇ ಫೋಟೊ ಕಳಿಸಿದ್ದರೆ ಖಂಡಿತ ಹುಡುಕಿ ತೆಗೆಯುತ್ತಿದ್ದೆ. ಆದರೆ ಆ ಫೋಟೊ ನಾನು ಮೊದಲೇ ನಂಬಿದ್ದನ್ನೇ ಹೇಳುತ್ತಿತ್ತು. ಅದಕ್ಕೇ ಅನುಮಾನ ಬರಲೇ ಇಲ್ಲ.

ಪಕ್ಷಪಾತ ಅಂದ ಕೂಡಲೇ ನಾವು ಚಾನೆಲ್ ಕಡೆ, ಪತ್ರಿಕೆ ಕಡೆ ಬೆರಳು ತೋರಿಸುತ್ತೇವೆ. ಅಲ್ಲಿ ಪಕ್ಷಪಾತ ಇದೆ, ಸುಳ್ಳಲ್ಲ. ಆದರೆ ಅದನ್ನು ಅಳೆಯುವ ತಕ್ಕಡಿ ನಮ್ಮ ತಲೆಯೊಳಗಿದೆ. ತಕ್ಕಡಿಯೇ ವಾಲಿದ್ದರೆ ತೂಕ ಸರಿ ಬರುವುದಿಲ್ಲ. 1985ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ರಾಬರ್ಟ್ ವಲೋನ್, ಲೀ ರಾಸ್ ಮತ್ತು ಮಾರ್ಕ್ ಲೆಪ್ಪರ್ ಒಂದು ಅಧ್ಯಯನ ಪ್ರಕಟಿಸಿದರು. 1982ರಲ್ಲಿ ಲೆಬನಾನ್ ದೇಶದ ಬೈರೂತ್‌ನ ಪ್ಯಾಲೆಸ್ಟೀನಿ ನಿರಾಶ್ರಿತರ ಶಿಬಿರಗಳಲ್ಲಿ ಹತ್ಯಾಕಾಂಡ ನಡೆದಿತ್ತು. ಅದರ ಬಗ್ಗೆ ಟಿವಿಯಲ್ಲಿ ಬಂದ ಸುದ್ದಿ ತುಣುಕುಗಳನ್ನು ಇಸ್ರೇಲ್ ಪರ ಇದ್ದವರಿಗೂ ಅರಬ್ಬರ ಪರ ಇದ್ದವರಿಗೂ ತೋರಿಸಿದರು. ಎಲ್ಲರೂ ನೋಡಿದ್ದು ಅದೇ ತುಣುಕುಗಳನ್ನು. ಎರಡೂ ಕಡೆಯವರು "ಇದು ನಮ್ಮ ವಿರುದ್ಧ ವಾಲಿದೆ" ಅಂದರು. ತಮ್ಮ ಕಡೆಯ ಬಗ್ಗೆ ಕೆಟ್ಟ ಮಾತೇ ಜಾಸ್ತಿ ಬಂದಿದೆ ಅಂತ ಇಬ್ಬರಿಗೂ ಅನಿಸಿತು.

ಆದ್ದರಿಂದ ಈ ಮಾರ್ಗದರ್ಶಿ ನಮ್ಮಿಂದಲೇ ಶುರುವಾಗುತ್ತದೆ. ಸುದ್ದಿಯ ಸರದಿ ಆಮೇಲೆ.

ಹೆಜ್ಜೆ 1: ನಿಮ್ಮ ಒಲವನ್ನು ಬರೆದಿಡಿ

ಬೇರೆ ಯಾರೂ ನೋಡದ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ನಿಮಗೆ ಗಟ್ಟಿ ಅಭಿಪ್ರಾಯ ಇರುವ ಐದು ರಾಜಕೀಯ ವಿಷಯಗಳನ್ನು ಅದರಲ್ಲಿ ಬರೆಯಿರಿ. ತೆರಿಗೆ, ವಲಸೆ, ಪೊಲೀಸರ ಅಧಿಕಾರ, ಉಚಿತ ಸೌಲಭ್ಯ, ಪರಿಸರ ನಿಯಮ, ಯಾವುದಾದರೂ ಆಗಬಹುದು. ಒಂದೊಂದಕ್ಕೂ ಅರ್ಧ ಪುಟ ಬಿಡಿ. ಈಗ ಪ್ರತಿಯೊಂದರ ಕೆಳಗೂ ಈ ನಾಲ್ಕು ಪ್ರಶ್ನೆಗೆ ಉತ್ತರ ಬರೆಯಿರಿ.

ಈ ಅಭಿಪ್ರಾಯ ನನಗೆ ಎಲ್ಲಿಂದ ಬಂತು? ಮನೆಯಿಂದಲೋ, ಗೆಳೆಯರಿಂದಲೋ, ಓದಿನಿಂದಲೋ, ನನಗೇ ಆದ ಒಂದು ಕೆಟ್ಟ ಅನುಭವದಿಂದಲೋ?

ಇದರಿಂದ ನನಗೇನಾದರೂ ಲಾಭ ಇದೆಯಾ?

ಇದಕ್ಕೆ ವಿರುದ್ಧವಾದ ಒಳ್ಳೆಯ ವಾದವನ್ನು ಕೊನೆಯ ಸಲ ಪೂರ್ತಿ ಓದಿದ್ದು ಯಾವಾಗ?

ಏನು ಗೊತ್ತಾದರೆ ನನ್ನ ಅಭಿಪ್ರಾಯ ಬದಲಾಗಬಹುದು?

ಕೊನೆಯ ಪ್ರಶ್ನೆಯೇ ಕಷ್ಟದ್ದು. "ಏನೇ ಗೊತ್ತಾದರೂ ಬದಲಾಗದು" ಅನ್ನುವ ಉತ್ತರ ಬಂದರೆ ಗಾಬರಿಯಾಗಬೇಡಿ. ಸ್ವಲ್ಪ ಬಿಡಿಸಿ ನೋಡಿ. ನಮ್ಮ ಅಭಿಪ್ರಾಯದಲ್ಲಿ ಸಾಮಾನ್ಯವಾಗಿ ಎರಡು ಸಂಗತಿ ಬೆರೆತಿರುತ್ತವೆ. "ಸರ್ಕಾರ ಬಡವರ ಕೈ ಹಿಡಿಯಬೇಕು" ಅನ್ನುವುದು ಮೌಲ್ಯ. ಅದನ್ನು ಅಂಕಿ ಅಂಶ ಸುಳ್ಳು ಮಾಡಲಾರದು, ಮಾಡಬೇಕಾಗಿಯೂ ಇಲ್ಲ. "ಈ ಯೋಜನೆಯಿಂದ ಬಡತನ ಕಡಿಮೆಯಾಗಿದೆ" ಅನ್ನುವುದು ಹೇಳಿಕೆ. ಅದು ನಿಜ ಇರಬಹುದು, ಸುಳ್ಳೂ ಇರಬಹುದು. ಪರೀಕ್ಷೆ ಮಾಡಬಹುದು. ಮೌಲ್ಯದ ಮೇಲಿನ ಪ್ರೀತಿಯಿಂದ ಹೇಳಿಕೆಯನ್ನೂ ಪರೀಕ್ಷೆಯಿಲ್ಲದೆ ಒಳಗೆ ಬಿಟ್ಟುಕೊಳ್ಳುತ್ತೇವಲ್ಲ, ಮೋಸ ಹೋಗುವುದು ಅಲ್ಲೇ. ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ.

"ನನಗೆ ಅಂಥ ಒಲವೇನೂ ಇಲ್ಲ, ನಾನು ಇದ್ದದ್ದನ್ನು ಇದ್ದ ಹಾಗೇ ನೋಡುತ್ತೇನೆ" ಅಂತ ಅನಿಸುತ್ತಿದ್ದರೆ, ಅದೂ ಎಲ್ಲರಿಗೂ ಅನಿಸುವಂಥದ್ದೇ. ಎಮಿಲಿ ಪ್ರೊನಿನ್ ಮತ್ತು ಜೊತೆಗಾರರು 2002ರಲ್ಲಿ ಇದನ್ನು ತೋರಿಸಿದರು. ಬೇರೆಯವರಿಗಿಂತ ತಮ್ಮಲ್ಲಿ ಪಕ್ಷಪಾತ ಕಡಿಮೆ ಎಂದೇ ಜನ ತಮ್ಮನ್ನು ಅಂದಾಜು ಮಾಡಿಕೊಂಡಿದ್ದರು. ಇಂಥ ಅಂದಾಜು ಎಲ್ಲರಲ್ಲೂ ತಪ್ಪುತ್ತದೆ ಎಂದು ವಿವರಿಸಿ ಹೇಳಿದ ಮೇಲೂ ಹೆಚ್ಚಿನವರು ತಮ್ಮ ಅಂದಾಜೇ ಸರಿ ಅಂದರು.

ಹೆಜ್ಜೆ 2: ಮೈಯಲ್ಲಿ ಏನಾಗುತ್ತದೆ ನೋಡಿ

ಒಂದು ಸುದ್ದಿ ಓದಿದ ತಕ್ಷಣ "ನಾನು ಮೊದಲೇ ಹೇಳಿರಲಿಲ್ವಾ!" ಅನ್ನುವ ಖುಷಿ ಬಂತಾ? ಅಥವಾ ಮುಖ ಬಿಸಿಯಾಗಿ, ಕೂಡಲೇ ಯಾರಿಗಾದರೂ ಕಳಿಸಬೇಕು ಅನಿಸಿತಾ? ಅಲ್ಲೇ ಸ್ವಲ್ಪ ನಿಲ್ಲಿ. ಆ ಖುಷಿ, ಆ ಸಿಟ್ಟು ತಪ್ಪಲ್ಲ. ಆದರೆ ನಮ್ಮ ಕಾವಲು ಸಡಿಲವಾಗಿದೆ ಅನ್ನುವುದಕ್ಕೆ ಅದು ಗುರುತು.

ಮನಶ್ಶಾಸ್ತ್ರಜ್ಞ ಥಾಮಸ್ ಗಿಲೊವಿಚ್ ಇದನ್ನು ಎರಡು ಪ್ರಶ್ನೆಯಲ್ಲಿ ಹಿಡಿದಿಟ್ಟಿದ್ದಾರೆ. ಬೇಕಾದ ಸುದ್ದಿ ಬಂದಾಗ ನಾವು "ಇದನ್ನು ನಂಬಬಹುದಾ?" ಅಂತ ಕೇಳಿಕೊಳ್ಳುತ್ತೇವೆ. ಬೇಡದ ಸುದ್ದಿ ಬಂದಾಗ "ಇದನ್ನು ನಂಬಲೇಬೇಕಾ?" ಅಂತ ಕೇಳುತ್ತೇವೆ. ಮೊದಲನೆಯದಕ್ಕೆ ಒಂದು ಸಣ್ಣ ನೆಪ ಸಾಕು. ಎರಡನೆಯದಕ್ಕೆ ಎಷ್ಟು ಸಾಕ್ಷಿ ಕೊಟ್ಟರೂ ಸಾಲದು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತೇವಲ್ಲ, ಅಭಿಪ್ರಾಯಗಳ ವಿಷಯದಲ್ಲೂ ನಾವು ಹೆತ್ತವರೇ.

ಒಂದು ವಾರ ಹೀಗೆ ಮಾಡಿ ನೋಡಿ. ದಿನಕ್ಕೆ ಮೂರು ಸುದ್ದಿ ಆರಿಸಿ, ಓದಿದ ಕೂಡಲೇ ಪಕ್ಕದಲ್ಲಿ "ಬೇಕು" ಅಥವಾ "ಬೇಡ" ಅಂತ ಬರೆಯಿರಿ. ವಾರದ ಕೊನೆಗೆ, ಯಾವುದರ ಮೂಲ ಹುಡುಕಿದಿರಿ, ಯಾವುದನ್ನು ಹಾಗೇ ನುಂಗಿದಿರಿ ಅಂತ ಎಣಿಸಿ. ನಾನು ಮಾಡಿದಾಗ "ಬೇಕು" ಅಂತ ಬರೆದಿದ್ದ ಒಂದನ್ನೂ ಹುಡುಕಿರಲಿಲ್ಲ.

ಹೆಜ್ಜೆ 3: ತಿರುಗಿಸಿ ನೋಡಿ

ಸಮಯ ಇಲ್ಲದವರು ಬೇರೆಲ್ಲ ಬಿಟ್ಟು ಇದೊಂದನ್ನಾದರೂ ಮಾಡಿ. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವುದು ಇದೇ.

1979ರಲ್ಲಿ ಚಾರ್ಲ್ಸ್ ಲಾರ್ಡ್, ಲೀ ರಾಸ್ ಮತ್ತು ಮಾರ್ಕ್ ಲೆಪ್ಪರ್ ಒಂದು ಪ್ರಯೋಗ ಪ್ರಕಟಿಸಿದರು. ಅದರಲ್ಲಿ 48 ವಿದ್ಯಾರ್ಥಿಗಳಿದ್ದರು. ಅರ್ಧ ಜನ ಮರಣದಂಡನೆಯ ಪರ, ಅರ್ಧ ಜನ ವಿರುದ್ಧ. ಮರಣದಂಡನೆಯಿಂದ ಅಪರಾಧ ಕಡಿಮೆಯಾಗುತ್ತದೆ ಅನ್ನುವ ಒಂದು ಅಧ್ಯಯನವನ್ನೂ, ಆಗುವುದಿಲ್ಲ ಅನ್ನುವ ಇನ್ನೊಂದನ್ನೂ ಎಲ್ಲರಿಗೂ ಓದಲು ಕೊಟ್ಟರು. ಎರಡೂ ಕಡೆಯ ಮಾತು ಓದಿದ ಮೇಲೆ ಜನ ಸ್ವಲ್ಪ ಹತ್ತಿರ ಬರಬೇಕಿತ್ತು, ಅಲ್ವಾ? ಹಾಗಾಗಲಿಲ್ಲ. ತಮಗೆ ಬೇಕಾದ ಅಧ್ಯಯನ ಅವರಿಗೆ ಗಟ್ಟಿಯಾಗಿ ಕಂಡಿತು. ಬೇಡದ್ದರಲ್ಲಿ ನೂರು ಹುಳುಕು ಕಂಡವು. ಕೊನೆಗೆ ತಮ್ಮ ಅಭಿಪ್ರಾಯ ಇನ್ನಷ್ಟು ಬಲವಾಯಿತು ಅಂತಲೇ ಹೇಳಿದರು.

1984ರಲ್ಲಿ ಪ್ರಕಟವಾದ ಇದರ ಮುಂದಿನ ಪ್ರಯೋಗ ನಮಗೆ ಇನ್ನೂ ಮುಖ್ಯ. ಕೆಲವರಿಗೆ "ನ್ಯಾಯಾಧೀಶರ ಹಾಗೆ ಪಕ್ಷಪಾತ ಇಲ್ಲದೆ ಓದಿ" ಅಂತ ಹೇಳಿದರು. ಏನೂ ಪ್ರಯೋಜನ ಆಗಲಿಲ್ಲ. ಇನ್ನು ಕೆಲವರಿಗೆ ಬೇರೆ ಸೂಚನೆ ಕೊಟ್ಟರು: ಇದೇ ಅಧ್ಯಯನ, ಇದೇ ವಿಧಾನದಲ್ಲಿ ಉಲ್ಟಾ ಫಲಿತಾಂಶ ಕೊಟ್ಟಿದ್ದರೆ ನೀವು ಇದನ್ನು ಹೀಗೇ ಅಳೆಯುತ್ತಿದ್ದಿರಾ ಎಂದು ಪ್ರತಿ ಹಂತದಲ್ಲೂ ಕೇಳಿಕೊಳ್ಳಿ. ಇವರಲ್ಲಿ ಪಕ್ಷಪಾತ ಕಡಿಮೆಯಾಯಿತು. ಅಂದರೆ "ನಾನು ನ್ಯಾಯವಾಗಿ ಯೋಚಿಸುತ್ತೇನೆ" ಅನ್ನುವ ಸಂಕಲ್ಪ ಸಾಕಾಗುವುದಿಲ್ಲ. ಒಂದು ನಿರ್ದಿಷ್ಟ ಪ್ರಶ್ನೆ ಕೈಯಲ್ಲಿರಬೇಕು.

ಆ ಪ್ರಶ್ನೆಯನ್ನು ದಿನಬಳಕೆಗೆ ತರುವುದು ಹೀಗೆ. ಸುದ್ದಿಯಲ್ಲಿರುವ ಪಕ್ಷದ ಹೆಸರು, ನಾಯಕರ ಹೆಸರು ತೆಗೆದು ಅಲ್ಲಿ ಎದುರಿನವರ ಹೆಸರು ಹಾಕಿ. ಉಳಿದಿದ್ದೆಲ್ಲ ಹಾಗೇ ಇರಲಿ. ಈಗ ಮತ್ತೆ ಓದಿ. ಸಚಿವರ ಮಗನಿಗೆ ಗುತ್ತಿಗೆ ಸಿಕ್ಕಿದ ಸುದ್ದಿ "ಇದರಲ್ಲೇನಿದೆ, ಅರ್ಹತೆ ಇತ್ತು, ಸಿಕ್ಕಿತು" ಅಂತ ಕಂಡಿತ್ತಾ? ಹೆಸರು ಬದಲಿಸಿದ ಮೇಲೆ "ಹಗಲು ದರೋಡೆ" ಅಂತ ಕಾಣುತ್ತಿದೆಯಾ? ಹಾಗಿದ್ದರೆ ಮೊದಲ ತೀರ್ಪು ಕೊಟ್ಟಿದ್ದು ನಿಮ್ಮ ಒಲವು.

ಪಕ್ಷದ ಹೆಸರಿಗೆ ಎಷ್ಟು ಶಕ್ತಿ ಇದೆ ಅನ್ನುವುದನ್ನು ಜೆಫ್ರಿ ಕೋಹೆನ್ 2003ರಲ್ಲಿ ತೋರಿಸಿದರು. ಬಡವರಿಗೆ ಸರ್ಕಾರದ ನೆರವು ಕೊಡುವ ಎರಡು ಯೋಜನೆಗಳು. ಒಂದು ಧಾರಾಳ, ಇನ್ನೊಂದು ಬಿಗಿ. ಇದಕ್ಕೆ ನಿಮ್ಮ ಪಕ್ಷದ ಬೆಂಬಲ ಇದೆ ಅಂತ ಹೇಳಿದಾಗ, ಧಾರಾಳ ನೀತಿ ಮೆಚ್ಚುವ ಉದಾರವಾದಿಗಳು ಬಿಗಿ ಯೋಜನೆಯನ್ನೇ ಬೆಂಬಲಿಸಿದರು. ಬಿಗಿ ನೀತಿ ಮೆಚ್ಚುವ ಸಂಪ್ರದಾಯವಾದಿಗಳು ಧಾರಾಳ ಯೋಜನೆಯನ್ನು ಬೆಂಬಲಿಸಿದರು. ತಮ್ಮ ತೀರ್ಮಾನಕ್ಕೆ ಯೋಜನೆಯ ವಿವರವೇ ಕಾರಣ, ಪಕ್ಷದ ಮಾತಲ್ಲ ಎಂದೇ ಅವರು ನಂಬಿದ್ದರು.

ಹೆಜ್ಜೆ 4: ವರದಿಯೋ, ಅಭಿಪ್ರಾಯವೋ?

ಈಗ ಸುದ್ದಿಗೆ ಬರೋಣ. ಮೊದಲ ಕೆಲಸ ಸುಲಭದ್ದು. ನೀವು ಓದುತ್ತಿರುವುದು ವರದಿಯಾ, ಅಂಕಣವಾ, ಸಂಪಾದಕೀಯವಾ, ಜಾಹೀರಾತಾ? ಅಂಕಣದಲ್ಲಿ ಒಲವು ಇರುವುದು ತಪ್ಪಲ್ಲ, ಇರಬೇಕಾದ್ದೇ. ವರದಿಯ ವೇಷದಲ್ಲಿ ಅಭಿಪ್ರಾಯ ಬಂದರೆ ತಪ್ಪು. ಫೋನಿನಲ್ಲಿ ಎಲ್ಲವೂ ಒಂದೇ ತರಹದ ಅಕ್ಷರದಲ್ಲಿ ಬರುವುದರಿಂದ ಈ ಗೆರೆ ಅಳಿಸಿಹೋಗಿದೆ. ಪುಟದ ಮೇಲ್ಗಡೆ ಅಥವಾ ಕೊನೆಗೆ ಸಣ್ಣ ಅಕ್ಷರದಲ್ಲಿ "ಅಭಿಪ್ರಾಯ", "ಪ್ರಾಯೋಜಿತ" ಅಂತ ಇದೆಯಾ ನೋಡಿ. ಟಿವಿಯಲ್ಲಿ ಐದು ಜನ ಕೂತು ಕಿರುಚುವುದು ಸುದ್ದಿ ಅಲ್ಲ, ಅದು ಚರ್ಚೆ. ಅದನ್ನು ನೋಡಿ "ಸುದ್ದಿ ನೋಡಿದೆ" ಅಂದುಕೊಳ್ಳಬೇಡಿ.

ಹೆಜ್ಜೆ 5: ಕ್ರಿಯಾಪದಗಳಿಗೆ ಗೆರೆ ಹಾಕಿ

ಸುದ್ದಿಯ ಒಲವು ವಿಶೇಷಣದಲ್ಲಿ ಇರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಕಂಡಂತೆ ಕನ್ನಡದಲ್ಲಿ ಅದು ಹೆಚ್ಚು ಅಡಗಿರುವುದು ಕ್ರಿಯಾಪದದಲ್ಲಿ. ಒಬ್ಬ ನಾಯಕ ಏನೋ ಮಾತಾಡಿದ ಅಂತ ಇಟ್ಟುಕೊಳ್ಳಿ. ಅದನ್ನು "ಹೇಳಿದರು" ಅಂತ ಬರೆಯಬಹುದು. "ಸ್ಪಷ್ಟಪಡಿಸಿದರು" ಅಂದರೆ ಅವನ ಮಾತು ನಿಜ ಅಂತ ಪತ್ರಿಕೆಯೇ ಒಪ್ಪಿದ ಹಾಗೆ. "ಒಪ್ಪಿಕೊಂಡರು" ಅಂದರೆ ಏನೋ ತಪ್ಪು ಮಾಡಿದ್ದಾನೆ ಅಂತ ಅರ್ಥ. "ಸಮರ್ಥಿಸಿಕೊಂಡರು" ಅಂದರೆ ಸಿಕ್ಕಿಬಿದ್ದಿದ್ದಾನೆ. "ಗುಡುಗಿದರು" ಅಂದರೆ ವೀರ. "ಹರಿಹಾಯ್ದರು", "ನಾಲಿಗೆ ಹರಿಬಿಟ್ಟರು" ಅಂದರೆ ಒರಟ. ಆಡಿದ ಮಾತು ಎಲ್ಲದರಲ್ಲೂ ಅದೇ ಇರಬಹುದು.

ತಲೆಬರಹವನ್ನೂ ಹೀಗೇ ನೋಡಿ. "ಭಾರಿ ಮುಖಭಂಗ", "ಬಿಗ್ ಶಾಕ್", "ಮಾಸ್ಟರ್ ಸ್ಟ್ರೋಕ್". ಇವು ಏನಾಯಿತು ಅಂತ ಹೇಳುವುದಿಲ್ಲ, ನಮಗೆ ಏನನಿಸಬೇಕು ಅಂತ ಹೇಳುತ್ತವೆ. ಕೊನೆಗೆ ಪ್ರಶ್ನೆ ಚಿಹ್ನೆ ಇರುವ ತಲೆಬರಹದ ಬಗ್ಗೆ ಇನ್ನೂ ಹುಷಾರು. "ಹಣ ವಿದೇಶಕ್ಕೆ ಹೋಯಿತೇ?" ಅಂದರೆ ಹೋಯಿತು ಅಂತ ಬರೆಯುವಷ್ಟು ಸಾಕ್ಷಿ ಅವರ ಬಳಿ ಇಲ್ಲ. ಆದರೆ ನಮ್ಮ ತಲೆಯಲ್ಲಿ ಉಳಿಯುವುದು ಹಣ ಹೋಯಿತು ಅಂತಲೇ.

ಇನ್ನೊಂದು ಸೂಕ್ಷ್ಮ ಇದೆ. ಕೆಲಸ ಮಾಡಿದವರು ವಾಕ್ಯದಲ್ಲಿ ಇದ್ದಾರಾ? "ಪೊಲೀಸರು ಗುಂಡು ಹಾರಿಸಿದರು, ಇಬ್ಬರು ಸತ್ತರು" ಅನ್ನುವುದಕ್ಕೂ "ಗೋಲಿಬಾರ್‌ಗೆ ಇಬ್ಬರು ಬಲಿ" ಅನ್ನುವುದಕ್ಕೂ ವ್ಯತ್ಯಾಸ ಇದೆ. ಎರಡನೆಯದರಲ್ಲಿ ಗುಂಡು ಹಾರಿಸಿದವರೇ ಮಾಯ. "ಗಲಭೆ ಭುಗಿಲೆದ್ದಿತು" ಅನ್ನುವಾಗಲೂ ಅಷ್ಟೇ. ಗಲಭೆ ತಾನಾಗಿ ಭುಗಿಲೇಳುವುದಿಲ್ಲ, ಯಾರೋ ಮಾಡುತ್ತಾರೆ. ಒಂದು ಪತ್ರಿಕೆ ಯಾರ ವಿಷಯದಲ್ಲಿ ಹೆಸರು ಹೇಳುತ್ತದೆ, ಯಾರ ವಿಷಯದಲ್ಲಿ ಮರೆಸುತ್ತದೆ ಅಂತ ಒಂದು ತಿಂಗಳು ಗಮನಿಸಿ. ಒಲವು ತಾನಾಗಿ ಕಾಣುತ್ತದೆ.

ಪದದ ಬಲ ಎಷ್ಟೆಂದು ತಿಳಿಯಲು ಅಮೋಸ್ ಟ್ವರ್ಸ್ಕಿ ಮತ್ತು ಡೇನಿಯಲ್ ಕಾನಮನ್ 1981ರಲ್ಲಿ ಪ್ರಕಟಿಸಿದ ಪ್ರಯೋಗ ನೆನಪಿಡಿ. 600 ಜನರನ್ನು ಕೊಲ್ಲಬಹುದಾದ ಒಂದು ರೋಗ ಬಂದಿದೆ ಅಂತ ಕಲ್ಪಿಸಿಕೊಳ್ಳಲು ಹೇಳಿದರು. ಒಂದು ಗುಂಪಿಗೆ ಕೊಟ್ಟ ಆಯ್ಕೆ: ಖಚಿತವಾಗಿ 200 ಜನ ಉಳಿಯುತ್ತಾರೆ, ಅಥವಾ ಮೂರರಲ್ಲಿ ಒಂದು ಪಾಲು ಸಾಧ್ಯತೆಯಲ್ಲಿ ಎಲ್ಲ 600 ಜನ ಉಳಿಯುತ್ತಾರೆ, ಇಲ್ಲವಾದರೆ ಯಾರೂ ಉಳಿಯುವುದಿಲ್ಲ. ಶೇ 72 ಮಂದಿ ಖಚಿತವಾದದ್ದನ್ನು ಆರಿಸಿದರು. ಇನ್ನೊಂದು ಗುಂಪಿಗೆ ಅದೇ ಆಯ್ಕೆಯನ್ನು ಸಾವಿನ ಲೆಕ್ಕದಲ್ಲಿ ಹೇಳಿದರು: ಖಚಿತವಾಗಿ 400 ಜನ ಸಾಯುತ್ತಾರೆ, ಅಥವಾ ಮೂರರಲ್ಲಿ ಒಂದು ಪಾಲು ಸಾಧ್ಯತೆಯಲ್ಲಿ ಯಾರೂ ಸಾಯುವುದಿಲ್ಲ, ಇಲ್ಲವಾದರೆ ಎಲ್ಲರೂ ಸಾಯುತ್ತಾರೆ. ಈ ಸಲ ಶೇ 78 ಮಂದಿ ಅದೃಷ್ಟ ಪರೀಕ್ಷೆಗೆ ಇಳಿದರು. ಲೆಕ್ಕದಲ್ಲಿ ಚೂರೂ ವ್ಯತ್ಯಾಸ ಇಲ್ಲ. "ಉಳಿಯುತ್ತಾರೆ" ಹೋಗಿ "ಸಾಯುತ್ತಾರೆ" ಬಂತು, ಅಷ್ಟೇ.

ಹಾಗಾಗಿ ಒಂದು ಅಭ್ಯಾಸ. ಯಾವುದಾದರೂ ವರದಿ ತೆಗೆದುಕೊಂಡು ಬಣ್ಣದ ಪದಗಳನ್ನೆಲ್ಲ ಹೊಡೆದು ಹಾಕಿ. ಯಾರು, ಏನು, ಎಲ್ಲಿ, ಯಾವಾಗ, ಎಷ್ಟು, ಇಷ್ಟನ್ನು ಮಾತ್ರ ಉಳಿಸಿ ಎರಡು ಸಾಲಿನಲ್ಲಿ ಮತ್ತೆ ಬರೆಯಿರಿ. ಕೆಲವು ಸುದ್ದಿಗಳಲ್ಲಿ ಎರಡು ಸಾಲಿಗೆ ಬೇಕಾದಷ್ಟು ಸರಕೂ ಉಳಿಯುವುದಿಲ್ಲ.

ಹೆಜ್ಜೆ 6: ಬರೆಯದೇ ಬಿಟ್ಟಿದ್ದನ್ನು ಹುಡುಕಿ

ಪಕ್ಷಪಾತಕ್ಕೆ ಸುಳ್ಳು ಬೇಕಾಗಿಲ್ಲ. ಬರೆದ ಪ್ರತಿಯೊಂದು ಸಾಲೂ ನಿಜವಾಗಿದ್ದು ಒಟ್ಟು ಚಿತ್ರ ತಪ್ಪಾಗಿರಬಹುದು. ಯಾವುದನ್ನು ಮುಖಪುಟಕ್ಕೆ ಹಾಕಿದರು, ಯಾವುದನ್ನು ಒಳಪುಟದ ಮೂಲೆಗೆ ತಳ್ಳಿದರು, ಯಾವುದನ್ನು ಬಿಟ್ಟೇ ಬಿಟ್ಟರು ಅನ್ನುವುದರಲ್ಲೇ ಅರ್ಧ ಕಥೆ ಇದೆ. ಮ್ಯಾಕ್ಸ್‌ವೆಲ್ ಮೆಕ್‌ಕೂಂಬ್ಸ್ ಮತ್ತು ಡೊನಾಲ್ಡ್ ಶಾ 1968ರ ಅಮೆರಿಕದ ಅಧ್ಯಕ್ಷ ಚುನಾವಣೆಯ ಹೊತ್ತಿಗೆ ಚಾಪಲ್ ಹಿಲ್ ಊರಿನಲ್ಲಿ ಇನ್ನೂ ಯಾರಿಗೆ ಮತ ಹಾಕುವುದೆಂದು ನಿರ್ಧರಿಸದ 100 ಮತದಾರರನ್ನು ಮಾತಾಡಿಸಿದರು. ದೇಶದ ಮುಖ್ಯ ಸಮಸ್ಯೆಗಳು ಅಂತ ಜನ ಹೇಳಿದ ಪಟ್ಟಿಯೂ, ಮಾಧ್ಯಮಗಳು ಹೆಚ್ಚು ಜಾಗ ಕೊಟ್ಟಿದ್ದ ವಿಷಯಗಳ ಪಟ್ಟಿಯೂ ಬಹುಮಟ್ಟಿಗೆ ಹೊಂದುತ್ತಿದ್ದವು. 1972ರಲ್ಲಿ ಅವರು ಇದನ್ನು ಪ್ರಕಟಿಸಿದ ಮೇಲೆ ಈ ಬಗ್ಗೆ ಬಹಳ ಸಂಶೋಧನೆ ನಡೆದಿದೆ. ಯಾವುದರ ಬಗ್ಗೆ ಯೋಚಿಸಬೇಕು ಅನ್ನುವುದನ್ನೇ ಸುದ್ದಿ ತೀರ್ಮಾನಿಸಿಬಿಡುತ್ತದೆ.

ಬಿಟ್ಟಿದ್ದನ್ನು ಹುಡುಕುವುದು ಹೇಗೆ? ಒಂದೇ ಪತ್ರಿಕೆ ಓದಿದರೆ ಸಾಧ್ಯವೇ ಇಲ್ಲ. ವಾರಕ್ಕೆ ಒಂದು ದೊಡ್ಡ ಘಟನೆ ಆರಿಸಿಕೊಳ್ಳಿ. ಮೂರು ಕಡೆ ಓದಿ: ನಿಮಗೆ ಇಷ್ಟವಾದ ಮಾಧ್ಯಮ, ಕಂಡರಾಗದ ಮಾಧ್ಯಮ, ಮತ್ತು ಆ ಜಗಳದಲ್ಲಿ ಪಾಲಿಲ್ಲದ ಒಂದು ಸುದ್ದಿಸಂಸ್ಥೆ ಅಥವಾ ಹೊರದೇಶದ ಪತ್ರಿಕೆ. ಒಂದು ಹಾಳೆಯಲ್ಲಿ ಮೂರು ಕಲಂ ಹಾಕಿ. ಮೊದಲ ಪ್ಯಾರಾದಲ್ಲಿ ಏನಿದೆ? ಯಾರ ಮಾತನ್ನು ಉದ್ಧರಿಸಿದ್ದಾರೆ? ತೊಂದರೆಗೊಳಗಾದವರ ಮಾತು ಇದೆಯಾ, ಇದ್ದರೆ ಎಷ್ಟನೇ ಪ್ಯಾರಾದಲ್ಲಿ? "ಮೂಲಗಳ ಪ್ರಕಾರ" ಅನ್ನುವುದು ಎಷ್ಟು ಸಲ ಬಂದಿದೆ? ಹಿಂದೆ ಇಂಥದ್ದೇ ಆಗಿದ್ದರ ಪ್ರಸ್ತಾಪ ಇದೆಯಾ? ಒಂದರಲ್ಲಿದ್ದು ಉಳಿದ ಎರಡರಲ್ಲಿ ಇಲ್ಲದ್ದಕ್ಕೆ ಗುರುತು ಹಾಕಿ. ಅದು ಕಟ್ಟುಕಥೆಯೂ ಇರಬಹುದು, ಉಳಿದವರು ಮುಚ್ಚಿಟ್ಟ ಸತ್ಯವೂ ಇರಬಹುದು. ಯಾವುದೆಂದು ತಿಳಿಯಲು ಮೂಲಕ್ಕೆ ಹೋಗಿ. ಕೋರ್ಟ್ ತೀರ್ಪಾದರೆ ತೀರ್ಪಿನ ಪ್ರತಿ, ಭಾಷಣವಾದರೆ ಪೂರ್ತಿ ವಿಡಿಯೊ, ಬಜೆಟ್ ಆದರೆ ಬಜೆಟ್ ಪುಸ್ತಕ.

ಕೊನೆಯ ಪ್ಯಾರಾ ತಪ್ಪದೇ ಓದಿ. ತಲೆಬರಹವನ್ನೇ ಬುಡಮೇಲು ಮಾಡುವ ಒಂದು ಸಾಲು ಅಲ್ಲಿ ಎಷ್ಟೋ ಸಲ ಸುಮ್ನೆ ಕೂತಿರುತ್ತದೆ. ತಲೆಬರಹವನ್ನು ಹೆಚ್ಚಾಗಿ ವರದಿಗಾರ ಬರೆಯುವುದಿಲ್ಲ, ಕಚೇರಿಯಲ್ಲಿ ಕೂತು ಸುದ್ದಿ ತಿದ್ದುವ ಡೆಸ್ಕಿನವರು ಬರೆಯುತ್ತಾರೆ. ಎರಡಕ್ಕೂ ಹೊಂದಿಕೆ ಇಲ್ಲದಿರಲು ಅದೂ ಒಂದು ಕಾರಣ.

ಹೆಜ್ಜೆ 7: ಅಂಕಿಗಳಿಗೆ ಎರಡು ಪ್ರಶ್ನೆ

ಎಷ್ಟರಲ್ಲಿ ಎಷ್ಟು? ಯಾವಾಗಿನಿಂದ ಯಾವಾಗಿನವರೆಗೆ? ಹೆಚ್ಚಿನ ಅಂಕಿಗಳಿಗೆ ಈ ಎರಡೇ ಸಾಕು.

ಒಂದು ತೆರಿಗೆ ಶೇ 10 ಇದ್ದದ್ದು ಶೇ 12 ಆಯಿತು. "ಬರೀ 2 ಪಾಯಿಂಟ್ ಏರಿಕೆ" ಅನ್ನಬಹುದು. "ತೆರಿಗೆ ದರ ಶೇ 20 ಹೆಚ್ಚಳ" ಅಂತಲೂ ಅನ್ನಬಹುದು. ಎರಡೂ ಸರಿ. ಯಾರು ಯಾವುದನ್ನು ಆರಿಸಿದರು ಅನ್ನುವುದು ಅವರ ಒಲವು. ವರ್ಷದ ಆಯ್ಕೆಯೂ ಹಾಗೇ. ಅತಿ ಕೆಟ್ಟ ವರ್ಷದಿಂದ ಲೆಕ್ಕ ಶುರು ಮಾಡಿದರೆ ಯಾವ ಸರ್ಕಾರದ ಸಾಧನೆಯೂ ದೊಡ್ಡದಾಗಿ ಕಾಣುತ್ತದೆ. ಕಂಬಗಳ ಗ್ರಾಫ್ ನೋಡಿದರೆ ಕೆಳಗಿನ ಅಂಕಿ ಸೊನ್ನೆಯಿಂದ ಶುರುವಾಗಿದೆಯಾ ನೋಡಿ. ಇಲ್ಲದಿದ್ದರೆ ಸಣ್ಣ ವ್ಯತ್ಯಾಸವೂ ಬೆಟ್ಟದಂತೆ ಕಾಣುತ್ತದೆ.

ಸಮೀಕ್ಷೆಗಳಲ್ಲಿ ಎಷ್ಟು ಜನರನ್ನು ಕೇಳಿದರು ಅನ್ನುವುದಕ್ಕಿಂತ ಯಾರನ್ನು ಕೇಳಿದರು ಅನ್ನುವುದು ಮುಖ್ಯ. 1936ರ ಅಮೆರಿಕದ ಚುನಾವಣೆಗೆ ಲಿಟರರಿ ಡೈಜೆಸ್ಟ್ ಅನ್ನುವ ಪತ್ರಿಕೆ ಸುಮಾರು 1 ಕೋಟಿ ಜನರಿಗೆ ಮತಪತ್ರ ಕಳಿಸಿತು. 20 ಲಕ್ಷಕ್ಕಿಂತ ಹೆಚ್ಚು ಉತ್ತರ ಬಂದವು. ಆಲ್ಫ್ ಲ್ಯಾಂಡನ್ ಗೆಲ್ಲುತ್ತಾರೆ ಅಂತ ಪತ್ರಿಕೆ ಬರೆಯಿತು. ಫ್ರಾಂಕ್ಲಿನ್ ರೂಸ್‌ವೆಲ್ಟ್ 48 ರಾಜ್ಯಗಳ ಪೈಕಿ 46ನ್ನು ಗೆದ್ದರು. ಪತ್ರಿಕೆ ವಿಳಾಸ ತೆಗೆದುಕೊಂಡಿದ್ದು ಟೆಲಿಫೋನ್ ಪಟ್ಟಿ, ಕಾರು ನೋಂದಣಿಗಳಂಥ ಕಡೆಯಿಂದ. ಆರ್ಥಿಕ ಕುಸಿತದ ಆ ಕಾಲದಲ್ಲಿ ಫೋನು, ಕಾರು ಇದ್ದವರು ಸ್ವಲ್ಪ ಅನುಕೂಲಸ್ಥರು. ಅದೂ ಸಾಲದೆಂಬಂತೆ, ಉತ್ತರಿಸುವ ಉತ್ಸಾಹ ಇದ್ದವರು ಮಾತ್ರ ಉತ್ತರಿಸಿದ್ದರು. ಈಗಿನ ಆನ್‌ಲೈನ್ ಪೋಲ್‌ಗಳಲ್ಲೂ ಇದೇ ಕೊರತೆ ಇದೆ. ಸರಿಯಾಗಿ ಆರಿಸಿದ 1,000 ಜನರ ಸಮೀಕ್ಷೆಯಲ್ಲೂ ಸುಮಾರು 3 ಪಾಯಿಂಟ್ ಹೆಚ್ಚು ಕಡಿಮೆ ಇರುತ್ತದೆ. ಒಬ್ಬರಿಗೆ ಶೇ 42, ಇನ್ನೊಬ್ಬರಿಗೆ ಶೇ 40 ಬಂದರೆ ಅದನ್ನು ಮುನ್ನಡೆ ಅಂತ ಹೇಳಲಾಗದು.

ಹೆಜ್ಜೆ 8: ಕಳಿಸುವ ಮುಂಚೆ ಪುಟದಿಂದ ಹೊರಗೆ ಹೋಗಿ

ನನ್ನ ತಪ್ಪು ಆಗಿದ್ದು ಇಲ್ಲೇ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ ಕಳಿಸಿಬಿಟ್ಟಿದ್ದೆ.

ಸ್ಟ್ಯಾನ್‌ಫರ್ಡ್‌ನ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 45 ಜನರನ್ನು ಗಮನಿಸಿದರು. 10 ಮಂದಿ ಇತಿಹಾಸಕಾರರು, ಸುದ್ದಿಯ ನಿಜ ಸುಳ್ಳು ಪರೀಕ್ಷಿಸುವ 10 ಮಂದಿ ವೃತ್ತಿಪರ ಫ್ಯಾಕ್ಟ್ ಚೆಕರ್‌ಗಳು, 25 ಮಂದಿ ವಿದ್ಯಾರ್ಥಿಗಳು. ಪರಿಚಯವಿಲ್ಲದ ವೆಬ್‌ಸೈಟ್ ಕೊಟ್ಟಾಗ ವಿದ್ಯಾರ್ಥಿಗಳೂ ಇತಿಹಾಸಕಾರರೂ ಹೆಚ್ಚಾಗಿ ಅದೇ ಪುಟದಲ್ಲಿ ಉಳಿದರು. ಲೋಗೊ, ವಿಳಾಸ, ಅಚ್ಚುಕಟ್ಟಾದ ಭಾಷೆ ನೋಡಿ ನಂಬಿದರು. ಫ್ಯಾಕ್ಟ್ ಚೆಕರ್‌ಗಳು ಪುಟವನ್ನು ಒಮ್ಮೆ ನೋಡಿ ಬೇಗನೆ ಹೊರಬಂದರು. ಹೊಸ ಟ್ಯಾಬ್ ತೆರೆದು ಈ ಸಂಸ್ಥೆಯ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಅಂತ ಹುಡುಕಿದರು. ಕಡಿಮೆ ಹೊತ್ತಿನಲ್ಲಿ ಸರಿಯಾದ ಉತ್ತರ ಸಿಕ್ಕಿದ್ದು ಅವರಿಗೇ. ನಾವೂ ಹಾಗೇ ಮಾಡಬೇಕು. ಫೋಟೊ ಆದರೆ, ಫೋಟೊವನ್ನೇ ಕೊಟ್ಟು ಹುಡುಕುವ ರಿವರ್ಸ್ ಇಮೇಜ್ ಸರ್ಚ್‌ಗೆ ಹಾಕಿ, ಮೊದಲು ಯಾವಾಗ ಬಂದಿತ್ತು ನೋಡಿ. ವಿಡಿಯೊ ಆದರೆ ಒಂದೆರಡು ದೃಶ್ಯದ ಸ್ಕ್ರೀನ್‌ಶಾಟ್ ತೆಗೆದು ಹುಡುಕಿ. ಯಾರದೋ ಮಾತಿನ ತುಣುಕಾದರೆ ಅದರ ಹಿಂದಿನ, ಮುಂದಿನ ಒಂದೊಂದು ನಿಮಿಷ ಕೇಳಿ.

ಹುಡುಕುವಾಗ ಬಳಸುವ ಪದದ ಮೇಲೂ ಕಣ್ಣಿಡಿ. "ಯೋಜನೆ ವಿಫಲ" ಅಂತ ಟೈಪ್ ಮಾಡಿದರೆ ವೈಫಲ್ಯವೇ ಸಿಗುತ್ತದೆ. ಅದಾದ ಮೇಲೆ "ಯೋಜನೆ ಯಶಸ್ವಿ" ಅಂತಲೂ ಹುಡುಕಿ. ಪೀಟರ್ ವೇಸನ್ 1960ರಲ್ಲಿ ಮಾಡಿದ ಪ್ರಯೋಗದಲ್ಲಿ 2, 4, 6 ಅನ್ನುವ ಅಂಕಿಗಳ ಹಿಂದಿನ ನಿಯಮ ಏನು ಅಂತ ಕೇಳಿದ್ದರು. ಬೇರೆ ಅಂಕಿಗಳನ್ನು ಹೇಳಿ ಪರೀಕ್ಷೆ ಮಾಡಬಹುದಿತ್ತು. ಜನ 8, 10, 12 ಅನ್ನುವಂಥವನ್ನು ಹೇಳಿ, ಸರಿ ಅನಿಸಿಕೊಂಡು, "ಎರಡೆರಡು ಕೂಡಿಸುವುದು" ಅಂತ ತೀರ್ಮಾನಕ್ಕೆ ಬರುತ್ತಿದ್ದರು. ನಿಜವಾದ ನಿಯಮ ಬರೀ ಏರುತ್ತಾ ಹೋಗುವ ಅಂಕಿಗಳು. 1, 7, 50 ಅಂತ ಹೇಳಿ ತಮ್ಮ ಊಹೆ ಮುರಿಯುತ್ತದಾ ನೋಡಬೇಕು ಅಂತ ಹೆಚ್ಚಿನವರಿಗೆ ತೋಚಲಿಲ್ಲ.

ಪದೇ ಪದೇ ಕೇಳಿದ್ದು ನಿಜ ಅನಿಸತೊಡಗುತ್ತದೆ ಅನ್ನುವುದೂ ನೆನಪಿರಲಿ. ಇದನ್ನು 1977ರಿಂದಲೇ ಪ್ರಯೋಗಗಳು ತೋರಿಸಿವೆ. ಹತ್ತು ಗುಂಪಿನಲ್ಲಿ ಬಂದ ಫಾರ್ವರ್ಡ್ ಹತ್ತು ಸಾಕ್ಷಿ ಅಲ್ಲ, ಒಂದೇ ಮಾತಿನ ಹತ್ತು ಪ್ರತಿ. 2018ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಟ್ವಿಟರ್‌ನಲ್ಲಿ 2006ರಿಂದ 2017ರವರೆಗೆ ಹರಿದಾಡಿದ ಸುಮಾರು 1,26,000 ಸುದ್ದಿಗಳನ್ನು ನೋಡಿದರು. ನಿಜ ಸುದ್ದಿಗಿಂತ ಸುಳ್ಳು ಸುದ್ದಿಯನ್ನು ಜನ ಹಂಚುವ ಸಾಧ್ಯತೆ ಶೇ 70ರಷ್ಟು ಹೆಚ್ಚಿತ್ತು. ಈ ವ್ಯತ್ಯಾಸಕ್ಕೆ ತಾವಾಗಿಯೇ ಪೋಸ್ಟ್ ಹಾಕುವ ಯಂತ್ರ ಖಾತೆಗಳು (ಬಾಟ್) ಕಾರಣವಾಗಿರಲಿಲ್ಲ. ಅಷ್ಟು ದೂರ ಅದನ್ನು ಹೊತ್ತೊಯ್ದದ್ದು ನಮ್ಮಂಥ ಮನುಷ್ಯರೇ.

ಹೆಜ್ಜೆ 9: ನಡುವೆ ನಿಂತರೆ ಸತ್ಯ ಸಿಗುತ್ತದೆ ಅಂದುಕೊಳ್ಳಬೇಡಿ

ಇಷ್ಟೆಲ್ಲ ಓದಿ "ಹಾಗಾದರೆ ಎಲ್ಲರೂ ಸುಳ್ಳರೇ, ಸತ್ಯ ಎಲ್ಲೋ ಮಧ್ಯದಲ್ಲಿದೆ" ಅಂತ ಅನಿಸಬಹುದು. ದಯವಿಟ್ಟು ಅಲ್ಲಿ ನಿಲ್ಲಬೇಡಿ. ಒಬ್ಬರು ಮಳೆ ಬರುತ್ತಿದೆ ಅಂದರು, ಇನ್ನೊಬ್ಬರು ಬರುತ್ತಿಲ್ಲ ಅಂದರು. ಇಬ್ಬರ ಮಾತನ್ನೂ ಸಮವಾಗಿ ಬರೆಯುವುದು ನ್ಯಾಯ ಅಲ್ಲ, ಬಾಗಿಲು ತೆರೆದು ನೋಡಬೇಕು. ಭೂಮಿ ಬಿಸಿಯಾಗುತ್ತಿರುವುದಕ್ಕೆ ಮನುಷ್ಯರು ಕಾರಣ ಅನ್ನುವುದರಲ್ಲಿ ಸಂದೇಹವಿಲ್ಲ ಎಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿ 2021ರಲ್ಲಿ ಹೇಳಿತು. ಅದಾದ ಮೇಲೂ ಒಬ್ಬ ವಿಜ್ಞಾನಿಯನ್ನೂ ಅದನ್ನು ಅಲ್ಲಗಳೆಯುವ ಒಬ್ಬರನ್ನೂ ಕೂರಿಸಿ ಸಮ ಸಮಯ ಕೊಟ್ಟರೆ, ಅದೂ ಒಂದು ಪಕ್ಷಪಾತವೇ.

ಇನ್ನೊಂದು ಮಾತು. ಒಲವಿರುವ ಪತ್ರಿಕೆ ನಿಜ ಹೇಳಬಹುದು. ವಿರೋಧಿ ಪತ್ರಿಕೆಯ ವರದಿ ಎಂಬ ಒಂದೇ ಕಾರಣಕ್ಕೆ ಹಗರಣವನ್ನು ತಳ್ಳಿಹಾಕಬೇಡಿ. ದಾಖಲೆ ಇದೆಯಾ, ಹೆಸರು ಹೇಳಿ ಮಾತಾಡಿದವರಿದ್ದಾರಾ, ಆರೋಪ ಹೊತ್ತವರ ಉತ್ತರ ಕೇಳಿದ್ದಾರಾ, ಹಿಂದೆ ತಪ್ಪು ಮಾಡಿದಾಗ ತಿದ್ದುಪಡಿ ಹಾಕಿದ್ದಾರಾ? ಇವನ್ನು ನೋಡಿ. ತಿದ್ದುಪಡಿ ಹಾಕುವ ಪತ್ರಿಕೆಯ ಮೇಲೆ ನನಗೆ ವಿಶ್ವಾಸ ಹೆಚ್ಚು. "ಎಲ್ಲ ಮಾಧ್ಯಮಗಳೂ ಮಾರಾಟವಾಗಿವೆ" ಅಂದುಬಿಡುವುದು ಜಾಣತನದಂತೆ ಕಾಣುತ್ತದೆ. ಆದರೆ ಹಾಗಂದವರು ಕೊನೆಗೆ ನಂಬುವುದು ತಮ್ಮ ಗುಂಪಿನ ಫಾರ್ವರ್ಡ್‌ಗಳನ್ನೇ. ಮಳೆಯಲ್ಲಿ, ಗಲಭೆಯಲ್ಲಿ ನಿಂತು ವರದಿ ಮಾಡುವ ಎಷ್ಟೋ ಪ್ರಾಮಾಣಿಕರಿಗೆ ಅದರಿಂದ ಅನ್ಯಾಯವಾಗುತ್ತದೆ.

ಹೆಜ್ಜೆ 10: ಹೇಗೆ ಅಂತ ವಿವರಿಸಿ, ತಪ್ಪಿದ್ದನ್ನು ಬರೆದಿಡಿ

ನಿಮ್ಮ ಒಂದು ಅಭಿಪ್ರಾಯ ತೆಗೆದುಕೊಳ್ಳಿ. ಅದು ಯಾಕೆ ಸರಿ ಅಂತ ವಾದ ಮಾಡಬೇಡಿ. ಅದು ಹೇಗೆ ಕೆಲಸ ಮಾಡುತ್ತದೆ ಅಂತ ಒಂದೊಂದೇ ಹಂತವಾಗಿ ಬರೆಯಿರಿ. ಆಮದು ಸುಂಕ ಏರಿಸಬೇಕು ಅನ್ನುತ್ತೀರಾ? ಸುಂಕವನ್ನು ಮೊದಲು ಕಟ್ಟುವವರು ಯಾರು? ಆಮೇಲೆ ಬೆಲೆ ಏನಾಗುತ್ತದೆ? ಆ ಸಾಮಾನಿನಿಂದ ಬೇರೆ ಸಾಮಾನು ಮಾಡುವವರಿಗೆ ಏನಾಗುತ್ತದೆ? ಎದುರಿನ ದೇಶ ಏನು ಮಾಡುತ್ತದೆ? ಮೂರನೇ ಹಂತಕ್ಕೆ ನನ್ನ ಪೆನ್ನು ನಿಂತಿತ್ತು. 2002ರಲ್ಲಿ ಲಿಯೊನಿಡ್ ರೋಜನ್‌ಬ್ಲಿಟ್ ಮತ್ತು ಫ್ರಾಂಕ್ ಕೀಲ್ ಜನರಿಗೆ ಜಿಪ್‌ನಂಥ ಸಾಮಾನ್ಯ ವಸ್ತುಗಳು ಕೆಲಸ ಮಾಡುವ ರೀತಿಯನ್ನು ವಿವರಿಸಲು ಹೇಳಿದ್ದರು. ವಿವರಿಸಲು ಹೋದ ಮೇಲೆ, ತಮಗೆ ಅಂದುಕೊಂಡಷ್ಟು ಗೊತ್ತಿಲ್ಲ ಅಂತ ಜನರೇ ತಮ್ಮ ಅಂದಾಜು ಇಳಿಸಿಕೊಂಡರು. 2013ರಲ್ಲಿ ಫಿಲಿಪ್ ಫರ್ನ್‌ಬಾಕ್ ಮತ್ತು ಜೊತೆಗಾರರು ರಾಜಕೀಯ ನೀತಿಗಳಲ್ಲೂ ಹೀಗೇ ಆಗುವುದನ್ನು ಕಂಡರು.

ನಿಮ್ಮಂತೆ ಯೋಚಿಸದ ಒಬ್ಬರ ಜೊತೆ ಮಾತಾಡುವಾಗಲೂ ಇದೇ ದಾರಿ ಒಳ್ಳೆಯದು. "ನೀವು ಹೇಗೆ ಹಾಗಂತೀರಿ?" ಅಂತ ಜಗಳಕ್ಕೆ ಹೋಗುವ ಬದಲು "ಇದು ಹೇಗೆ ನಡೆಯುತ್ತದೆ ಅಂತ ನಿಮಗನಿಸುತ್ತದೆ?" ಅಂತ ಕೇಳಿ. ಅವರ ವಾದವನ್ನು ನಿಮ್ಮ ಮಾತಿನಲ್ಲಿ ಹೇಳಿ ತೋರಿಸಿ. "ಹೌದು, ನಾನು ಹೇಳಿದ್ದು ಅದೇ" ಅಂತ ಅವರು ಒಪ್ಪುವ ತನಕ ನಿಮ್ಮ ಉತ್ತರ ಶುರು ಮಾಡಬೇಡಿ.

ಕೊನೆಗೆ ಆ ನೋಟ್‌ಬುಕ್‌ಗೆ ವಾಪಸ್ ಬನ್ನಿ. ಚಾರ್ಲ್ಸ್ ಡಾರ್ವಿನ್‌ಗೆ ಒಂದು ಅಭ್ಯಾಸ ಇತ್ತು. ತನ್ನ ತೀರ್ಮಾನಕ್ಕೆ ಎದುರಾದ ಸಂಗತಿ ಕಂಡರೆ ಆಗಿಂದಾಗಲೇ ಬರೆದುಕೊಳ್ಳುತ್ತಿದ್ದ. ಅನುಕೂಲದ ಸಂಗತಿಗಳಿಗಿಂತ ಅಂಥವು ಬೇಗ ಮರೆತುಹೋಗುತ್ತವೆ ಅಂತ ಅವನಿಗೆ ಅನುಭವದಿಂದ ಗೊತ್ತಾಗಿತ್ತು. ನೀವೂ ನೋಟ್‌ಬುಕ್‌ನ ಕೊನೆಯ ಪುಟಗಳಲ್ಲಿ ಒಂದು ಪಟ್ಟಿ ಶುರು ಮಾಡಿ: ನನ್ನ ಕಡೆಯವರು ಮಾಡಿದ ತಪ್ಪು, ಎದುರಿನವರು ಮಾಡಿದ ಒಳ್ಳೆಯದು, ನಾನು ಹೇಳಿದ್ದ ಭವಿಷ್ಯ ತಪ್ಪಿದ್ದು. ಪ್ರತಿಯೊಂದಕ್ಕೂ ತಾರೀಕು ಹಾಕಿ. ಚುನಾವಣೆಗೆ ಮುಂಚೆ ಏನಾಗುತ್ತದೆ ಅಂತ ಬರೆದು, ಆದ ಮೇಲೆ ತೆಗೆದು ನೋಡಿ. ತಿಂಗಳಿಗೆ ಒಂದು ಸಾಲು ಬಿದ್ದರೂ ಸಾಕು.

ನನ್ನ ಪಟ್ಟಿಯ ಮೊದಲ ಸಾಲಿನಲ್ಲಿ ಆ ಫೋಟೊ ಇದೆ. ಅದರ ಪಕ್ಕದಲ್ಲಿ, ಗುಂಪಿನಲ್ಲಿ ಮತ್ತೆ ಬರೆದು ತಪ್ಪು ಒಪ್ಪಿಕೊಂಡ ತಾರೀಕೂ ಇದೆ. ಎರಡಕ್ಕೂ ನಡುವೆ ನಾಲ್ಕು ದಿನದ ಅಂತರ. ಈಗ ಅಂಥದ್ದೇನಾದರೂ ಆದರೆ ಅದೇ ದಿನ ಬರೆಯುತ್ತೇನೆ.